ಕುಟುಂಬ ಆರೋಗ್ಯ ಸಮೀಕ್ಷೆ: ವೈಯಕ್ತಿಕ ಪ್ರಶ್ನೆಗಳ ಕುರಿತು ಸಾರ್ವಜನಿಕರಿಗೆ ಮಾಹಿತಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯದ ಅಧೀನದಲ್ಲಿ ನಡೆಯುತ್ತದೆ. ಮೊದಲ ಸುತ್ತು 1992-93ರಲ್ಲಿ, ಐದನೆಯ ಸುತ್ತು 2019-21ರಲ್ಲಿ ನಡೆದವು. ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯು ಇವುಗಳ ನೋಡಲ್ ಸಂಸ್ಥೆಯಾಗಿತ್ತು.

1. ಉದ್ದೇಶ: ಧರ್ಮ, ಜಾತಿ, ವಯಸ್ಸು, ವಿದ್ಯಾಭ್ಯಾಸ ಹಾಗೂ ವೈವಾಹಿಕ ಸ್ಥಿತಿಯ ವಿವರಗಳನ್ನು ಕೇಳಲಾಗುತ್ತದೆ. ಶಿಶುಮರಣ, ರಕ್ತಹೀನತೆ, ಲಸಿಕೆ ಮುಂತಾದ ವಿಷಯಗಳಲ್ಲಿ ಯಾವ ವರ್ಗದವರಿಗೆ ಸೌಲಭ್ಯ ತಲುಪಿಲ್ಲವೆಂಬುದು ಈ ವಿವರಗಳಿಂದ ತಿಳಿದುಬರುತ್ತದೆ. ಕೇವಲ ಒಟ್ಟು ಸರಾಸರಿಯನ್ನು ನೋಡಿದಲ್ಲಿ ಅವರ ಸ್ಥಿತಿಯು ಮರೆಯಾಗುತ್ತದೆ.

2. ಒಪ್ಪಿಗೆ: ಸಂದರ್ಶನಕ್ಕೆ ಮೊದಲು ಉದ್ದೇಶವನ್ನು ವಿವರಿಸಿ ಒಪ್ಪಿಗೆ ಪಡೆಯಲಾಗುತ್ತದೆ. ಭಾಗವಹಿಸುವುದು ಐಚ್ಛಿಕ. ಇಷ್ಟವಿಲ್ಲದ ಪ್ರಶ್ನೆಗೆ ಉತ್ತರಿಸದಿರಬಹುದು. ಸಂದರ್ಶನವನ್ನು ಮಧ್ಯದಲ್ಲಿಯೇ ನಿಲ್ಲಿಸಬಹುದು.

3. ಗೋಪ್ಯತೆ: ಪ್ರಕಟಿತ ವರದಿಗಳಲ್ಲಿ ಉತ್ತರಿಸಿದವರ ಹೆಸರು, ವಿಳಾಸ ಇರುವುದಿಲ್ಲ. ಪಡಿತರ ಚೀಟಿ ಅಥವಾ ಪಿಂಚಣಿಯ ಅರ್ಹತೆಯನ್ನು ನಿರ್ಧರಿಸುವುದು ಈ ಸಮೀಕ್ಷೆಯ ಕಾರ್ಯವಲ್ಲ.

4. ಕೌಟುಂಬಿಕ ದೌರ್ಜನ್ಯ: ಮಹಿಳೆಯರನ್ನು ಮಹಿಳಾ ಸಂದರ್ಶಕರೇ ಪ್ರಶ್ನಿಸುತ್ತಾರೆ. ದೌರ್ಜನ್ಯದ ಕುರಿತಾದ ಪ್ರಶ್ನೆಗಳನ್ನು ಆಯ್ದ ಮನೆಗಳಲ್ಲಿ ಒಬ್ಬ ಮಹಿಳೆಗೆ ಮಾತ್ರ, ಏಕಾಂತದಲ್ಲಿ ಕೇಳಲಾಗುತ್ತದೆ. ಇಂತಹ ಪ್ರಶ್ನೆ ಕೇಳಿದ ಸಂಗತಿ ಮನೆಯ ಇತರರಿಗೆ ತಿಳಿದಲ್ಲಿ ಉತ್ತರಿಸಿದವರಿಗೇ ಅಪಾಯವಾಗುವ ಸಂಭವವಿರುವುದರಿಂದ ಈ ಎಚ್ಚರಿಕೆ ವಹಿಸಲಾಗುತ್ತದೆ. ಏಕಾಂತ ದೊರೆಯದಿದ್ದಲ್ಲಿ ಈ ಭಾಗವನ್ನು ಕೈಬಿಡಲಾಗುತ್ತದೆ. ಆದುದರಿಂದ ಸಂದರ್ಶನದ ವೇಳೆ ಕುಟುಂಬದ ಇತರ ಸದಸ್ಯರು ದೂರವಿದ್ದು ಸಹಕರಿಸತಕ್ಕದ್ದು.

ನೆರವಿನ ಅಗತ್ಯವಿರುವ ಮಹಿಳೆಯರು ಸಹಾಯವಾಣಿ 181ಕ್ಕೆ ಕರೆ ಮಾಡಬಹುದಾಗಿದೆ.