ದಂಡವಲ್ಲದ 2.1 ಕೋಟಿ ಡಾಲರ್: ರೊನಾಲ್ಡ್ ಸ್ಯಾಂಡರ್ಸ್ ಮತ್ತು ಆಂಟಿಗುವಾದ ಜೂಜಿನ ದಾವೆ

ಕ್ರಿಕೆಟ್ ಬಲ್ಲ ಕನ್ನಡಿಗರಿಗೆ ಆಂಟಿಗುವಾ ಎಂದರೆ ವಿವಿಯನ್ ರಿಚರ್ಡ್ಸ್ ಹುಟ್ಟಿದ ದ್ವೀಪ. ವಾಣಿಜ್ಯ ಕಾನೂನು ಓದಿದವರಿಗೆ ಅದು ಜೂಜಿನ ದಾವೆಯಲ್ಲಿ ಅಮೆರಿಕವನ್ನು ಸೋಲಿಸಿದ ದೇಶ. ಆ ದಾವೆ ಹೂಡಿದ ಕಾಲದ ರಾಜತಾಂತ್ರಿಕ ಸರ್ ರೊನಾಲ್ಡ್ ಸ್ಯಾಂಡರ್ಸ್. ಆದರೆ ಗೆಲುವಿನ ಕತೆಯನ್ನು ರೂಢಿಯಲ್ಲಿ ಹೇಳುವ ಬಗೆಗೆ ಎರಡು ತಿದ್ದುಪಡಿ ಬೇಕು.

ಸ್ಯಾಂಡರ್ಸ್ ಹುಟ್ಟಿದ್ದು 1948ರಲ್ಲಿ, ಆಂಟಿಗುವಾದಲ್ಲಲ್ಲ, ಗಯಾನಾದಲ್ಲಿ. ಪ್ರಸಾರ ಮಾಧ್ಯಮದಿಂದ ರಾಜತಾಂತ್ರಿಕ ವೃತ್ತಿಗೆ ಬಂದವರು. ಆಂಟಿಗುವಾ ಮತ್ತು ಬಾರ್ಬುಡಾ ಸ್ವತಂತ್ರವಾದದ್ದು 1981ರಲ್ಲಿ. ವಿಸ್ತೀರ್ಣ 442 ಚದರ ಕಿಲೋಮೀಟರ್, ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ಇಂಥ ದೇಶದ ವಿದೇಶಾಂಗ ಸೇವೆ ಚಿಕ್ಕ ಮೇಳದಂತೆ: ಒಬ್ಬರೇ ಎರಡು ಮೂರು ವೇಷ ಕಟ್ಟಬೇಕು. ಲಂಡನ್ನಿನಲ್ಲಿ 1984ರಿಂದ 87ರವರೆಗೆ, ಮತ್ತೆ 1996ರಿಂದ 2004ರವರೆಗೆ ಹೈಕಮಿಷನರ್ ಆಗಿದ್ದ ಸ್ಯಾಂಡರ್ಸ್, ಎರಡನೆಯ ಅವಧಿಯಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಕೆಲಸವನ್ನೂ ನೋಡಿಕೊಂಡರು.

ಸಂಸ್ಥೆಯ ಮುಂದೆ ದೂರು ಹೋದದ್ದು 2003ರ ಮಾರ್ಚ್‌ನಲ್ಲಿ. ದ್ವೀಪದಲ್ಲಿ ಪರವಾನಗಿ ಪಡೆದ ಆನ್‌ಲೈನ್ ಜೂಜಿನ ಕಂಪನಿಗಳಿಗೆ ಅಮೆರಿಕದ ಕಾನೂನು ಬಾಗಿಲು ಮುಚ್ಚುತ್ತಿದೆ, ಸೇವಾ ವ್ಯಾಪಾರದ ಒಪ್ಪಂದದಲ್ಲಿ ಅದೇ ಕೊಟ್ಟ ಮಾತಿಗೆ ಇದು ವಿರುದ್ಧ ಎಂಬುದು ವಾದ. 2004ರಲ್ಲಿ ಪ್ಯಾನೆಲ್ ಇದನ್ನು ಒಪ್ಪಿತು. ಮೊದಲ ತಿದ್ದುಪಡಿ ಇಲ್ಲಿ. 2005ರ ಏಪ್ರಿಲ್‌ನ ಮೇಲ್ಮನವಿ ತೀರ್ಪು ಗೆಲುವನ್ನು ಬಹಳಷ್ಟು ಕಿರಿದಾಗಿಸಿತು. ಸಾರ್ವಜನಿಕ ನೈತಿಕತೆಯ ರಕ್ಷಣೆಗೆ ಇಂಥ ಕಾನೂನು ಅಗತ್ಯವೆಂಬ ಅಮೆರಿಕದ ಸಮರ್ಥನೆಗೆ ಅದು ಮನ್ನಣೆ ಕೊಟ್ಟಿತು. ಅಮೆರಿಕ ಎಡವಿದ್ದು ಕುದುರೆ ಜೂಜಿನಲ್ಲಿ: ದೂರದಿಂದ ಪಣ ಕಟ್ಟಿಸಿಕೊಳ್ಳುವ ಅವಕಾಶ ಸ್ವದೇಶಿ ಕಂಪನಿಗಳಿಗಿದ್ದು ಪರದೇಶದವರಿಗಿಲ್ಲ ಎಂಬ ಆರೋಪವನ್ನು ಅದು ಅಲ್ಲಗಳೆಯಲಾಗಲಿಲ್ಲ.

ಎರಡನೆಯದು ಹಣದ ಮಾತು. ಅಮೆರಿಕ ವರ್ಷಕ್ಕೆ 2.1 ಕೋಟಿ ಡಾಲರ್ ದಂಡ ತೆರಬೇಕು ಎಂದು ಬರೆಯುವುದುಂಟು. ಅದು ದಂಡವಲ್ಲ. ತೀರ್ಪು ಜಾರಿಯಾಗದಿದ್ದಾಗ ಆಂಟಿಗುವಾ 344.3 ಕೋಟಿ ಡಾಲರ್ ಮೌಲ್ಯದ ಪ್ರತಿಕ್ರಮಕ್ಕೆ ಅನುಮತಿ ಕೇಳಿತು. ಐದು ಲಕ್ಷ ಸಾಕು ಎಂದಿತು ಅಮೆರಿಕ. 2007ರ ಡಿಸೆಂಬರ್‌ನಲ್ಲಿ ಮಧ್ಯಸ್ಥಗಾರರು ಗೊತ್ತುಮಾಡಿದ 2.1 ಕೋಟಿ, ಆಂಟಿಗುವಾ ಒಂದು ವರ್ಷದಲ್ಲಿ ತನ್ನ ಬಾಧ್ಯತೆಗಳನ್ನು ಎಷ್ಟರ ಮಟ್ಟಿಗೆ ತಡೆಹಿಡಿಯಬಹುದು ಎಂಬುದರ ಮಿತಿ. ಅಮೆರಿಕದ ಸೇವೆಗಳನ್ನೇ ತಡೆದರೆ ಪೆಟ್ಟು ದ್ವೀಪದವರಿಗೇ ಬೀಳುತ್ತಿತ್ತು. ಮಧ್ಯಸ್ಥಗಾರರೂ ಇದನ್ನು ಗಮನಿಸಿದರು. ಆದ್ದರಿಂದ ಬೌದ್ಧಿಕ ಆಸ್ತಿಯ ಕ್ಷೇತ್ರದಲ್ಲಿ, ಅಂದರೆ ಸಿನಿಮಾ, ಸಂಗೀತ, ತಂತ್ರಾಂಶಗಳ ಹಕ್ಕುಗಳ ವಿಷಯದಲ್ಲಿ, ಸೇಡು ತೀರಿಸಿಕೊಳ್ಳಲು ದಾರಿ ಸಿಕ್ಕಿತು. ವಿಧಿವತ್ತಾದ ಅನುಮತಿ ಬಂದದ್ದು 2013ರ ಜನವರಿಯಲ್ಲಿ. ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಗಾದೆಯ ಮೊದಲರ್ಧ ಈ ದಾವೆಗೆ ಸರಿಹೊಂದುತ್ತದೆ, ಉತ್ತರಾರ್ಧ ಹೊಂದುವುದಿಲ್ಲ.

ಇಷ್ಟರಲ್ಲಿ ಸ್ಯಾಂಡರ್ಸ್ ಆ ಹುದ್ದೆ ಬಿಟ್ಟು ವರ್ಷಗಳೇ ಸಂದಿದ್ದವು. ಹಾಗಾಗಿ ಇಡೀ ಪ್ರಕರಣವನ್ನು ಅವರ ಖಾತೆಗೆ ಬರೆಯುವುದೂ ಸರಿಯಲ್ಲ. ದಾವೆ ಹೂಡುವ ಧೈರ್ಯದ ಪಾಲು ಅವರದು. 2015ರಲ್ಲಿ ಆಂಟಿಗುವಾ ಅವರನ್ನು ಮತ್ತೆ ರಾಯಭಾರಿಯಾಗಿ ನೇಮಿಸಿತು, ಈ ಬಾರಿ ವಾಷಿಂಗ್ಟನ್‌ಗೆ. ಪ್ರತಿವಾದಿಯ ರಾಜಧಾನಿಯಲ್ಲಿ ಅವರು ಕಡತ ಬಿಚ್ಚಿದಾಗ, 2013ರ ಆ ಅನುಮತಿ ಬಳಕೆಯಾಗದೆ ಹಾಗೇ ಉಳಿದಿತ್ತು.