ಗೈಡ್ ಕೈಯಲ್ಲಿ ಎಷ್ಟು ಅಧಿಕಾರ ಇರಬೇಕು?

ಪಿಎಚ್‌ಡಿ ಪದವಿಯ ಇಂದಿನ ರೂಪ ಮೂಡಿದ್ದು 19ನೇ ಶತಮಾನದ ಜರ್ಮನಿಯಲ್ಲಿ. 1810ರಲ್ಲಿ ಸ್ಥಾಪನೆಯಾದ ಬರ್ಲಿನ್ ವಿಶ್ವವಿದ್ಯಾಲಯದ ಸೆಮಿನಾರುಗಳಲ್ಲಿ, 1824ರಲ್ಲಿ ಗೀಸನ್‌ಗೆ ಬಂದ ರಸಾಯನಶಾಸ್ತ್ರಜ್ಞ ಲೀಬಿಗ್‌ನ ಪ್ರಯೋಗಾಲಯದಲ್ಲಿ, ಪ್ರಾಧ್ಯಾಪಕನ ಪಕ್ಕದಲ್ಲಿ ನಿಂತು ಸಂಶೋಧನೆ ಕಲಿಯುವ ಪದ್ಧತಿ ಬೇರೂರಿತು. ಅಲ್ಲಿಂದ ಅದು ಅಮೆರಿಕಕ್ಕೆ ಹೋಯಿತು. ಯೇಲ್ 1861ರಲ್ಲಿ ಆ ದೇಶದ ಮೊದಲ ಪಿಎಚ್‌ಡಿಗಳನ್ನು ಕೊಟ್ಟಿತು. ಆಕ್ಸ್‌ಫರ್ಡ್ ಇದನ್ನು ಒಪ್ಪಿಕೊಳ್ಳಲು 1917 ಬರಬೇಕಾಯಿತು. ಇಷ್ಟು ಕಾಲದಲ್ಲಿ ಸಾವಿರಾರು ಜನ ಗೈಡ್‌ಗಳ ಕೈಕೆಳಗೆ ದುಡಿದು ಡಾಕ್ಟರುಗಳಾದರು, ಇನ್ನೂ ಸಾವಿರಾರು ಜನ ಅರ್ಧಕ್ಕೇ ಬಿಟ್ಟುಹೋದರು. ಗೈಡ್ ಮತ್ತು ವಿದ್ಯಾರ್ಥಿಯ ನಡುವೆ ನಡೆಯುವುದೇನು ಎಂದು ಮಾತ್ರ ಯಾರೂ ಕ್ರಮವಾಗಿ ಕೇಳಲಿಲ್ಲ. ಒಳ್ಳೆಯ ಗೈಡ್ ಸಿಕ್ಕರೆ ಅದೃಷ್ಟ, ಸಿಗದಿದ್ದರೆ ಹಣೆಬರಹ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಈ ಸಂಬಂಧ ಅಧ್ಯಯನದ ವಿಷಯವಾಗಿ ಸುಮಾರು ನಾಲ್ಕು ದಶಕವಷ್ಟೇ ಆಗಿದೆ. ಆ ಬರಹಗಳನ್ನು ಒಟ್ಟಿಗೆ ಇಟ್ಟು ಓದಿದರೆ ಪ್ರಶ್ನೆ ಜಾಗ ಬದಲಿಸುತ್ತ ಬಂದದ್ದು ಕಾಣುತ್ತದೆ. ಮೊದಲು ವ್ಯಕ್ತಿಗಳ ಸ್ವಭಾವದಲ್ಲಿ, ಆಮೇಲೆ ಬೋಧನೆಯ ಕೌಶಲದಲ್ಲಿ ಉತ್ತರ ಹುಡುಕಿದ ವಿದ್ವಾಂಸರು ಕೊನೆಗೆ ಸಂಸ್ಥೆಯ ಬಾಗಿಲಿಗೆ ಬಂದಿದ್ದಾರೆ. ಕಲಿಸುವುದು, ಅಳೆಯುವುದು, ಹಣದ ಕಾಗದಕ್ಕೆ ಸಹಿ ಹಾಕುವುದು, ಮುಂದಿನ ನೌಕರಿಗೆ ಶಿಫಾರಸು ಬರೆಯುವುದು, ಇಷ್ಟೂ ಒಬ್ಬರ ಕೈಯಲ್ಲೇ ಸೇರಿದಾಗ ಸಂಬಂಧ ಕೆಡುವ ಸಾಧ್ಯತೆ ಹೆಚ್ಚು. ಅವನ್ನು ಬಿಡಿಸಿ ಹಂಚಿದಷ್ಟೂ ಇಬ್ಬರಿಗೂ ಕ್ಷೇಮ. ಭಾರತದ ನಿಯಮಾವಳಿಗಳು ಈ ಪಾಠವನ್ನು ಅರ್ಧ ಕಲಿತು ಅರ್ಧಕ್ಕೇ ನಿಂತಿವೆ ಎಂಬುದು ಇಲ್ಲಿನ ವಾದ.

ಈ ಅಧ್ಯಯನಕ್ಕೆ ಮೊದಲ ಪ್ರೇರಣೆ ಬಂದದ್ದು ಲೆಕ್ಕಪತ್ರದಿಂದ. 1980ರ ದಶಕದ ಬ್ರಿಟನ್‌ನಲ್ಲಿ ಸರ್ಕಾರಿ ಖರ್ಚಿಗೆ ಕತ್ತರಿ ಬೀಳುತ್ತಿದ್ದಾಗ, ಸಂಶೋಧನಾ ಮಂಡಳಿಗಳು ತಾವು ವೇತನ ಕೊಟ್ಟು ಓದಿಸಿದವರಲ್ಲಿ ಎಷ್ಟು ಜನ ಪ್ರಬಂಧ ಸಲ್ಲಿಸಿದರು ಎಂದು ಎಣಿಸತೊಡಗಿದವು. ಸಮಾಜವಿಜ್ಞಾನಗಳಲ್ಲಿ ಸಿಕ್ಕ ಉತ್ತರ ಮುಜುಗರ ತರುವಂತಿತ್ತು. ಸಲ್ಲಿಕೆ ತೀರಾ ಕಡಿಮೆ ಇದ್ದ ಸಂಸ್ಥೆಗಳಿಗೆ ಅಲ್ಲಿನ ಆರ್ಥಿಕ ಮತ್ತು ಸಾಮಾಜಿಕ ಸಂಶೋಧನಾ ಮಂಡಳಿ ವಿದ್ಯಾರ್ಥಿವೇತನ ತಡೆಹಿಡಿಯಿತು. 1987ರಲ್ಲಿ ಇದೇ ವಿಷಯದ ಮೇಲೆ ವಿನ್‌ಫೀಲ್ಡ್ ವಿಚಾರಣೆಯ ವರದಿ ಹೊರಬಂತು. ಅದೇ ವರ್ಷ ಎಸ್ಟೆಲ್ ಫಿಲಿಪ್ಸ್ ಮತ್ತು ಡೆರೆಕ್ ಪ್ಯೂ ಬರೆದ ‘ಹೌ ಟು ಗೆಟ್ ಎ ಪಿಎಚ್‌ಡಿ’ ಪ್ರಕಟವಾಯಿತು. ಗೈಡ್‌ಗಳನ್ನು ನಿಭಾಯಿಸುವುದು ಹೇಗೆ ಎಂದು ವಿದ್ಯಾರ್ಥಿಗೆ ಹೇಳಿಕೊಡುವ ಅಧ್ಯಾಯವೇ ಆ ಪುಸ್ತಕದಲ್ಲಿದೆ. ನಿಯಮಿತವಾಗಿ ಭೇಟಿಯಾಗಿ, ಕೆಲಸ ಎಷ್ಟಾಗಿದೆ ಎಂಬುದನ್ನು ಮುಚ್ಚಿಡಬೇಡಿ, ಒಮ್ಮೆ ಗೀಚಿದ್ದನ್ನೇ ತಂದುಕೊಡಬೇಡಿ, ಸಲಹೆ ಕೇಳಿದ ಮೇಲೆ ಅದನ್ನು ಪಾಲಿಸಿ ಎಂಬಂಥ ಸಲಹೆಗಳು ಇಂದಿಗೂ ಉಪಯುಕ್ತ. ತೊಡಕಿರುವುದು ಹೊರೆಯ ಹಂಚಿಕೆಯಲ್ಲಿ. ಸಂಬಂಧ ನಿಭಾಯಿಸುವ ಕೆಲಸವೆಲ್ಲ ಅಧಿಕಾರ ಕಡಿಮೆ ಇರುವವರ ಹೆಗಲಿಗೆ ಬಿತ್ತು. ಇದೇ ಕಾಲದಲ್ಲಿ ಆಸ್ಟ್ರೇಲಿಯಾದ ಇಂಗ್ರಿಡ್ ಮೋಸೆಸ್ ಹೆಚ್ಚು ನ್ಯಾಯವಾದ ಒಂದು ಸಾಧನ ಕೊಟ್ಟರು. ವಿಷಯ ಆರಿಸುವುದು ಯಾರು, ಭೇಟಿಗೆ ಕರೆಯುವುದು ಯಾರ ಹೊಣೆ, ಬರವಣಿಗೆ ತಿದ್ದುವುದು ಎಲ್ಲಿಯ ತನಕ ಎಂಬ ಪ್ರಶ್ನೆಗಳ ಒಂದು ಹಾಳೆ ಅದು. ಇಬ್ಬರೂ ಅದನ್ನು ಬೇರೆ ಬೇರೆಯಾಗಿ ತುಂಬಿ, ಆಮೇಲೆ ಎದುರುಬದುರು ಕೂತು ಹೋಲಿಸಿಕೊಳ್ಳಬೇಕು. ಜಗಳವಾದ ಮೇಲೆ ಬಾಯಿಗೆ ಬರುವ ಮಾತು ಕೆಲಸ ಶುರುವಾಗುವ ಮುನ್ನವೇ ಮೇಜಿನ ಮೇಲೆ ಬರುತ್ತದೆ. ಈ ಕ್ಷೇತ್ರದಲ್ಲಿ ಬಂದ ಎಷ್ಟೋ ಸಿದ್ಧಾಂತಗಳಿಗಿಂತ ಆ ಒಂದು ಹಾಳೆಯ ಪ್ರಯೋಜನವೇ ಹೆಚ್ಚು.

ಮುಂದಿನ ಹಂತದಲ್ಲಿ ಮಾರ್ಗದರ್ಶನವೂ ಬೋಧನೆಯೇ ಎಂಬ ವಿಚಾರ ನೆಲೆ ಪಡೆಯಿತು. ಸಮಾಜಶಾಸ್ತ್ರಜ್ಞೆ ಕಾನೆಲ್ 1985ರಲ್ಲೇ ಇದನ್ನು ಶಿಕ್ಷಣ ವ್ಯವಸ್ಥೆಯ ಅತ್ಯುನ್ನತ ಮಟ್ಟದ ಬೋಧನೆ ಎಂದು ಗುರುತಿಸಿದ್ದರು. ಹತ್ತು ವರ್ಷಗಳ ನಂತರ ಬಿಲ್ ಗ್ರೀನ್ ಮತ್ತು ಆಲಿಸನ್ ಲೀ ಅದಕ್ಕೆ ಸೈದ್ಧಾಂತಿಕ ಚೌಕಟ್ಟು ಕಟ್ಟಲು ಹೊರಟರು. ಬೋಧನೆ ಎಂದ ಮೇಲೆ ಅದಕ್ಕೆ ತರಬೇತಿ ಬೇಕು, ಶೈಲಿಗಳನ್ನು ಗುರುತಿಸಬೇಕು. 2005ರಲ್ಲಿ ಟೆರ್ರಿ ಗ್ಯಾಟ್‌ಫೀಲ್ಡ್ ಗೈಡ್‌ಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ವಿದ್ಯಾರ್ಥಿಯನ್ನು ಅವರ ಪಾಡಿಗೆ ಬಿಡುವವರು, ಅಕ್ಕರೆಯಿಂದ ನೋಡಿಕೊಳ್ಳುವವರು, ಆಜ್ಞೆ ಮಾಡುವವರು, ಒಪ್ಪಂದದಂತೆ ನಡೆಯುವವರು. 2008ರಲ್ಲಿ ಬ್ರಿಟನ್‌ನ ಆನ್ ಲೀ ಐದು ದೃಷ್ಟಿಗಳನ್ನು ಹೆಸರಿಸಿದರು. ಮರುವರ್ಷ ನೆದರ್ಲೆಂಡ್ಸ್‌ನ ಮೈನ್‌ಹಾರ್ಡ್ ಮತ್ತು ಸಂಗಡಿಗರು ಪ್ರಭಾವ ಮತ್ತು ಸಾಮೀಪ್ಯ ಎಂಬ ಎರಡು ಅಕ್ಷಗಳ ಮೇಲೆ ಈ ಸಂಬಂಧವನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. ಈ ವಿಂಗಡಣೆಗಳನ್ನು ಓದುವ ಗೈಡ್ ತಮ್ಮನ್ನು ತಾವು ಒಮ್ಮೆ ನೋಡಿಕೊಳ್ಳಬಹುದು, ಅಷ್ಟರ ಮಟ್ಟಿಗೆ ಸರಿ. ಮೊದಲ ವರ್ಷ ಕೈಹಿಡಿದು ನಡೆಸಬೇಕಾದವರನ್ನು ಮೂರನೇ ವರ್ಷ ಸ್ವಂತವಾಗಿ ನಡೆಯಲು ಬಿಡಬೇಕು, ಶೈಲಿ ಕಾಲಕ್ಕೆ ತಕ್ಕಂತೆ ಬದಲಾಗಬೇಕು ಎಂದು ಈ ಬಣದವರೇ ಹೇಳಿದ್ದಾರೆ. ಆದರೆ ಆಜ್ಞೆ ಮಾಡುವ ಗೈಡ್‌ಗೆ ಹಾಗೆ ಮಾಡುವ ಅಧಿಕಾರ ಎಲ್ಲಿಂದ ಬಂತು, ವಿದ್ಯಾರ್ಥಿಯನ್ನು ಅವರ ಪಾಡಿಗೆ ಬಿಡುವವರ ಕೈಕೆಳಗೆ ಎಷ್ಟು ಜನರಿದ್ದಾರೆ ಎಂದು ಶೈಲಿಗಳ ಪಟ್ಟಿ ಕೇಳುವುದಿಲ್ಲ.

ಆ ಪ್ರಶ್ನೆ ಕೇಳಿದವರಲ್ಲಿ ನ್ಯೂಜಿಲೆಂಡ್‌ನ ಬಾರ್ಬರಾ ಗ್ರಾಂಟ್ ಮುಖ್ಯರು. ಗೈಡ್ ಮತ್ತು ವಿದ್ಯಾರ್ಥಿ ಎಷ್ಟೇ ಸ್ನೇಹದಿಂದಿದ್ದರೂ ಅವರ ಮಾತಿನೊಳಗೆ ಅಧಿಕಾರ ಕೆಲಸ ಮಾಡುತ್ತಲೇ ಇರುತ್ತದೆ, ಅದನ್ನು ಕಾಣದಂತೆ ನಟಿಸುವುದೇ ಅಪಾಯ ಎಂದು ಅವರು ತೋರಿಸಿದರು. ಅಮೆರಿಕದಲ್ಲಿ ಬಾರ್ಬರಾ ಲೊವಿಟ್ಸ್ 2001ರ ಪುಸ್ತಕದಲ್ಲಿ ಬಿಟ್ಟುಹೋದವರನ್ನೇ ಹುಡುಕಿ ಮಾತಾಡಿಸಿದರು. ಅವರ ಶೋಧ ಹಳೆಯ ನಂಬಿಕೆಯೊಂದನ್ನು ಉರುಳಿಸಿತು. ಬಿಟ್ಟುಹೋದವರು ಓದಿನಲ್ಲಿ ಮುಗಿಸಿದವರಿಗಿಂತ ಹಿಂದೆ ಇರಲಿಲ್ಲ. ವ್ಯತ್ಯಾಸವಿದ್ದದ್ದು ಸೇರಿದ ಮೇಲೆ ವಿಭಾಗ ಅವರನ್ನು ಹೇಗೆ ನಡೆಸಿಕೊಂಡಿತು, ಯಾವ ಗೈಡ್ ಹೇಗೆ ಸಿಕ್ಕರು ಎಂಬುದರಲ್ಲಿ. ಹೋದವರು ತಪ್ಪು ತಮ್ಮದೇ ಎಂದುಕೊಂಡು ಸದ್ದಿಲ್ಲದೆ ಹೋದದ್ದರಿಂದ ವಿಭಾಗಗಳು ಏನನ್ನೂ ಕಲಿಯಲಿಲ್ಲ. 2017ರಲ್ಲಿ ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಲೆವೆಕ್ ಮತ್ತು ಸಂಗಡಿಗರು 3,659 ಪಿಎಚ್‌ಡಿ ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿದಾಗ ಶೇ 32ರಷ್ಟು ಜನ ಮಾನಸಿಕ ಕಾಯಿಲೆಯ ಅಂಚಿನಲ್ಲಿರುವುದು ಕಂಡಿತು. ಗೈಡ್‌ನ ನಾಯಕತ್ವದ ರೀತಿ, ಕೆಲಸದ ಒತ್ತಡ, ತೀರ್ಮಾನಗಳಲ್ಲಿ ತಮಗೂ ಪಾಲಿದೆಯೇ ಎಂಬುದು, ಮನೆ ಮತ್ತು ಕೆಲಸದ ತಿಕ್ಕಾಟ ಎಲ್ಲವೂ ಅದರೊಂದಿಗೆ ತಳುಕು ಹಾಕಿಕೊಂಡಿದ್ದವು. ಒಮ್ಮೆ ನಡೆಸಿದ ಸಮೀಕ್ಷೆ ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸಿ ಹೇಳಲಾರದು ಎಂಬ ಆಕ್ಷೇಪ ನ್ಯಾಯವಾದದ್ದೇ; ಕುಗ್ಗಿದ ಮನಸ್ಸಿಗೆ ಗೈಡ್ ಹೆಚ್ಚು ಕಠಿಣವಾಗಿ ಕಂಡಿರಲೂ ಸಾಕು. ಹಾಗಿದ್ದರೂ ಲೊವಿಟ್ಸ್ ಸಂದರ್ಶನಗಳಿಂದ ಕಂಡದ್ದು, ಲೆವೆಕ್ ಅಂಕಿಗಳಿಂದ ಕಂಡದ್ದು ಒಂದೇ ಕಡೆ ಬೆರಳು ತೋರಿಸುತ್ತವೆ. ಅದೇ 2017ರಲ್ಲಿ ವೆಂಡಿ ಬಾಸ್ತಲಿಚ್ ಈ ಇಡೀ ಸಾಹಿತ್ಯವನ್ನು ವಿಮರ್ಶಿಸುತ್ತ, ಇಬ್ಬರು ವ್ಯಕ್ತಿಗಳ ಒಡನಾಟಕ್ಕೆ ಅತಿಯಾಗಿ ಗಮನ ಕೊಟ್ಟು ಜ್ಞಾನ ಹುಟ್ಟುವ ಸಂದರ್ಭವನ್ನು ಮರೆತಿದ್ದೇವೆ ಎಂದರು.

ಕೆಲವು ದೇಶಗಳು ಅಧಿಕಾರವನ್ನು ಹಂಚಲು ಪ್ರಯತ್ನಿಸಿವೆ. ಬ್ರಿಟನ್‌ನ ಉನ್ನತ ಶಿಕ್ಷಣ ಗುಣಮಟ್ಟ ಸಂಸ್ಥೆಯ 2004ರ ಸಂಹಿತೆ ಒಬ್ಬ ಗೈಡ್ ಬದಲು ಮಾರ್ಗದರ್ಶಕರ ತಂಡವಿರಬೇಕು ಎಂದಿತು. ಅಲ್ಲಿ ಗೈಡ್ ತಮ್ಮ ವಿದ್ಯಾರ್ಥಿಯ ಪ್ರಬಂಧಕ್ಕೆ ಸಾಮಾನ್ಯವಾಗಿ ಪರೀಕ್ಷಕರಾಗುವುದಿಲ್ಲ. 2005ರ ಸಾಲ್ಜ್‌ಬರ್ಗ್ ತತ್ವಗಳು ವಿದ್ಯಾರ್ಥಿ, ಗೈಡ್, ಸಂಸ್ಥೆ ಮೂವರ ಹೊಣೆಯೂ ಒಪ್ಪಂದದಲ್ಲಿ ಸ್ಪಷ್ಟವಾಗಿರಬೇಕು ಎಂದು ಯುರೋಪಿಗೆ ಹೇಳಿದವು. ಇವೆಲ್ಲಕ್ಕಿಂತ ಮುಂದೆ ಹೋದದ್ದು 2021ರಲ್ಲಿ ಅಮೆರಿಕದ ಎಂಐಟಿ ತಂದ ಏರ್ಪಾಡು. ಗೈಡ್ ಬದಲಿಸಬೇಕೆನ್ನುವ ವಿದ್ಯಾರ್ಥಿಗೆ ಅಲ್ಲಿ ಒಂದು ಸೆಮಿಸ್ಟರ್‌ನ ವೇತನವನ್ನು ಸಂಸ್ಥೆಯೇ ಕೊಡುತ್ತದೆ. ಅಮೆರಿಕದ ವಿಜ್ಞಾನ ವಿಭಾಗಗಳಲ್ಲಿ ವಿದ್ಯಾರ್ಥಿಯ ಸಂಬಳ ಹೆಚ್ಚಾಗಿ ಗೈಡ್ ತಂದ ಅನುದಾನದಿಂದಲೇ ಬರುವುದರಿಂದ, ಗೈಡ್ ಬಿಟ್ಟರೆ ಊಟಕ್ಕೂ ಕುತ್ತು. ಒಂದು ಸೆಮಿಸ್ಟರ್‌ನ ಹಣ ಬಾಗಿಲಿನ ಚಿಲಕ ತೆಗೆದಂತೆ. ಎಲ್ಲರೂ ಹೊರಗೆ ಹೋಗುವುದಿಲ್ಲ. ಹೋಗಬಹುದು ಎಂಬುದು ಒಳಗೇ ಇರುವವರ ಮಾತಿಗೂ ತೂಕ ಕೊಡುತ್ತದೆ.

ನಮ್ಮಲ್ಲಿ ಈ ವಿಷಯಕ್ಕೆ ದೇಶವ್ಯಾಪಿ ನಿಯಮದ ಚೌಕಟ್ಟು ಬಂದದ್ದು ತಡವಾಗಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2009ರ ನಿಯಮಾವಳಿ ಪ್ರವೇಶ ಪರೀಕ್ಷೆ ಮತ್ತು ಕೋರ್ಸ್‌ವರ್ಕ್ ಕಡ್ಡಾಯ ಮಾಡಿತು. 2016ರದ್ದು ಪ್ರೊಫೆಸರ್ ಎಂಟು, ಅಸೋಸಿಯೇಟ್ ಪ್ರೊಫೆಸರ್ ಆರು, ಅಸಿಸ್ಟೆಂಟ್ ಪ್ರೊಫೆಸರ್ ನಾಲ್ಕು ವಿದ್ಯಾರ್ಥಿಗಳಿಗಿಂತ ಹೆಚ್ಚು ಜನರಿಗೆ ಪಿಎಚ್‌ಡಿ ಮಾರ್ಗದರ್ಶನ ಮಾಡುವಂತಿಲ್ಲ ಎಂದಿತು. 2022ರ ನಿಯಮಾವಳಿ ಈ ಮಿತಿಯನ್ನು ಉಳಿಸಿಕೊಂಡು, ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳಬಾರದು ಎಂದಿತು; ಪ್ರಬಂಧಕ್ಕೆ ಮುನ್ನ ಲೇಖನ ಪ್ರಕಟಿಸಲೇಬೇಕು ಎಂಬ ಷರತ್ತನ್ನು ಕೈಬಿಟ್ಟಿತು. ಇವು ಒಳ್ಳೆಯ ಹೆಜ್ಜೆಗಳೇ. ಪ್ರತಿ ಸೆಮಿಸ್ಟರ್ ವಿದ್ಯಾರ್ಥಿಯ ಪ್ರಗತಿ ನೋಡಲು ಸಂಶೋಧನಾ ಸಲಹಾ ಸಮಿತಿಯೂ ಇದೆ. ಗೈಡ್ ಮತ್ತು ವಿದ್ಯಾರ್ಥಿಯ ನಡುವೆ ಮೂರನೆಯವರ ಕಣ್ಣಿರಲಿ ಎಂಬುದೇ ಅದರ ಉಪಯೋಗ. ಆದರೆ ನಿಯಮದ ಪ್ರಕಾರ ಆ ಸಮಿತಿಯ ಸಂಚಾಲಕರು ಗೈಡ್ ಅವರೇ. ತೊಂದರೆ ಗೈಡ್‌ನಿಂದಲೇ ಇದ್ದರೆ, ಅವರೇ ಕರೆದ ಸಭೆಯಲ್ಲಿ ಅವರ ಸಹೋದ್ಯೋಗಿಗಳ ಮುಂದೆ ವಿದ್ಯಾರ್ಥಿ ಹೇಗೆ ಬಾಯಿಬಿಡಬೇಕು? ಮುಂದೆ ಪ್ರಬಂಧದ ಮೌಲ್ಯಮಾಪನ ಬಂದಾಗ, ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರ ಜತೆ ಗೈಡ್ ಕೂಡ ಮೌಲ್ಯಮಾಪಕರು.

ಹಣದ ವಿಚಾರದಲ್ಲಿ ನಮ್ಮ ವ್ಯವಸ್ಥೆಗೆ ಅಮೆರಿಕಕ್ಕಿಂತ ಒಂದು ಅನುಕೂಲವಿದೆ. ಕಿರಿಯ ಸಂಶೋಧನಾ ಶಿಷ್ಯವೇತನ (ಜೆಆರ್‌ಎಫ್) ಬರುವುದು ವಿದ್ಯಾರ್ಥಿಯ ಹೆಸರಿನಲ್ಲೇ. 2023ರಿಂದ ತಿಂಗಳಿಗೆ 37,000 ರೂಪಾಯಿ. ಗೈಡ್ ಅನುದಾನದ ಹಂಗು ಅದಕ್ಕಿಲ್ಲ. ಆದರೆ ಹಾಜರಾತಿಗೆ, ಪ್ರಗತಿ ವರದಿಗೆ, ಎರಡು ವರ್ಷದ ನಂತರ ಹಿರಿಯ ಶಿಷ್ಯವೇತನಕ್ಕೆ (ಎಸ್‌ಆರ್‌ಎಫ್) ಏರುವ ಮೌಲ್ಯಮಾಪನಕ್ಕೆ ಗೈಡ್ ಸಹಿ ಬೇಕು. ಹೀಗೆ ಮುಂಬಾಗಿಲಿಂದ ಹೊರಗಿಟ್ಟ ಅಧಿಕಾರ ಕಾಗದಪತ್ರದ ಹಿಂಬಾಗಿಲಿಂದ ಒಳಗೆ ಬರುತ್ತದೆ. ಗೈಡ್ ಬದಲಾಯಿಸಲು ಹಲವೆಡೆ ಈಗಿನ ಗೈಡ್‌ನ ನಿರಾಕ್ಷೇಪಣಾ ಪತ್ರವನ್ನೇ ಕೇಳುತ್ತಾರೆ. ಗೈಡ್‌ಗಳ ಪಾಡೂ ಸುಲಭದ್ದಲ್ಲ. ಅಧ್ಯಾಪಕರ ಬಡ್ತಿಗೆ ಲೆಕ್ಕವಾಗುವ, ಯುಜಿಸಿಯ 2018ರ ನಿಯಮಾವಳಿಯ ಅಂಕಪಟ್ಟಿಯಲ್ಲಿ ಒಬ್ಬ ವಿದ್ಯಾರ್ಥಿ ಪಿಎಚ್‌ಡಿ ಪಡೆದರೆ ಗೈಡ್‌ಗೆ 10 ಅಂಕ, ಪ್ರಬಂಧ ಸಲ್ಲಿಸಿದರೆ 5. ಅತ್ತ ಪಿಎಚ್‌ಡಿ ದಾಖಲಾತಿ 2014-15ರ 1.17 ಲಕ್ಷದಿಂದ 2021-22ಕ್ಕೆ 2.12 ಲಕ್ಷ ದಾಟಿದೆ. ವಿದ್ಯಾರ್ಥಿಯ ಪದವಿ ಗೈಡ್‌ನ ಅಂಕವೂ ಆಗಿರುವಾಗ, ಈ ಕೆಲಸ ಇನ್ನೂ ಪಕ್ವವಾಗಿಲ್ಲ ಎಂದೋ, ಈ ವಿಷಯ ನನಗೆ ತಿಳಿಯದು, ಬೇರೆಯವರ ಬಳಿ ಹೋಗಿ ಎಂದೋ ಹೇಳುವ ಗೈಡ್ ತಮಗೇ ನಷ್ಟ ಮಾಡಿಕೊಳ್ಳುತ್ತಾರೆ.

ಗೈಡ್ ಅಧಿಕಾರವನ್ನು ಹಂಚಬೇಕೆಂಬ ಮಾತಿಗೆ ಬರುವ ಮೊದಲ ಆಕ್ಷೇಪ ಗುರುಶಿಷ್ಯ ಪರಂಪರೆಯದು. ಒಪ್ಪಂದ, ಸಮಿತಿ, ದೂರು ಎಂದು ಶುರುವಾದರೆ ಆತ್ಮೀಯತೆ ಸಾಯುತ್ತದೆ ಎನ್ನುವವರಿದ್ದಾರೆ. ಆ ಪರಂಪರೆ ಇನ್ನೂ ಜೀವಂತವಾಗಿರುವ ಧಾರವಾಡ ಸೀಮೆಯ ಸಂಗೀತವನ್ನೇ ನೋಡಬಹುದು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತರು. ಮಲ್ಲಿಕಾರ್ಜುನ ಮನ್ಸೂರರು ಮೊದಲು ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಗಾಯಕಿ ಕಲಿತು, ಬಳಿಕ ಮಂಜಿಖಾನರಲ್ಲಿ, ಅವರು ತೀರಿಕೊಂಡ ಮೇಲೆ ಬುರ್ಜಿಖಾನರಲ್ಲಿ ಜೈಪುರ ಅತ್ರೌಲಿ ಗಾಯಕಿ ಕಲಿತರು. ಅಲ್ಲಿ ಗುರು ಕಲಿಸಿದರು, ಬೈದರು, ವರ್ಷಗಟ್ಟಲೆ ಸಾಧನೆ ಮಾಡಿಸಿದರು. ಪರೀಕ್ಷೆ ಮಾಡಿದ್ದು ಕಛೇರಿಯ ಕೇಳುಗರು. ಆ ವ್ಯವಸ್ಥೆಗೂ ಅದರದೇ ಕಟ್ಟುಪಾಡು, ಕಷ್ಟಗಳಿದ್ದವು. ಆದರೂ ಗುರುವಿನ ಸಹಿಯಿಲ್ಲದೆ ಶಿಷ್ಯನ ಹಾಡು ಸೆಮಿಸ್ಟರ್‌ಗಟ್ಟಲೆ ಕಡತದಲ್ಲಿ ಕೂರುತ್ತಿರಲಿಲ್ಲ. ಇಂದಿನ ಗೈಡ್‌ಗೆ ಗುರುವಿನ ಗೌರವದ ಜತೆ ಅಧಿಕಾರಿಯ ಮೊಹರನ್ನೂ ಕೊಟ್ಟಿದ್ದೇವೆ. ಆತ್ಮೀಯತೆಯನ್ನು ಕೊಲ್ಲುವುದು ಹೆಚ್ಚಾಗಿ ಆ ಮೊಹರೇ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಹೊಣೆ ಹಂಚಿದರೆ ಯಾರೂ ಹೊಣೆಗಾರರಾಗುವುದಿಲ್ಲ, ಸಮಿತಿಯ ಐದು ಜನ ಐದು ದಿಕ್ಕಿಗೆ ಎಳೆದರೆ ವಿದ್ಯಾರ್ಥಿ ಇನ್ನಷ್ಟು ಗೊಂದಲಕ್ಕೆ ಬೀಳುತ್ತಾರೆ ಎಂಬುದು ನಿಜ. ಹಾಗಾಗಿ ಕಲಿಸುವ ಹೊಣೆ ಒಬ್ಬರಲ್ಲೇ ಇರಲಿ. ಹಂಚಬೇಕಾದದ್ದು ತೀರ್ಪು, ಹಣ, ದೂರು ಈ ಮೂರನ್ನು. ಸೋಮಾರಿ ವಿದ್ಯಾರ್ಥಿಗಳು ಇದನ್ನು ದುರುಪಯೋಗಪಡಿಸಿಕೊಳ್ಳುತ್ತಾರೆ ಎಂಬ ಮಾತೂ ಕೇಳಿಬರುತ್ತದೆ. ಅಂಥವರಿದ್ದಾರೆ, ಅವರಿಂದ ನೊಂದ ಗೈಡ್‌ಗಳೂ ಇದ್ದಾರೆ. ಪ್ರತಿ ಭೇಟಿಯ ಒಂದು ಪುಟದ ಟಿಪ್ಪಣಿಗೆ ಇಬ್ಬರೂ ಸಹಿ ಹಾಕಿ, ಅದರ ಪ್ರತಿ ಮೂರನೆಯವರ ಬಳಿ ಇದ್ದರೆ ಪ್ರಾಮಾಣಿಕ ಗೈಡ್‌ಗೂ ಅದೇ ರಕ್ಷಣೆ. ಪ್ರಯೋಗಾಲಯಗಳ ಕಷ್ಟ ಮಾತ್ರ ಬೇರೆ: ಉಪಕರಣ, ರಾಸಾಯನಿಕ, ದತ್ತಾಂಶ ಎಲ್ಲ ಗೈಡ್ ತಂದ ಯೋಜನೆಯದಾಗಿರುವಾಗ ಗೈಡ್ ಬದಲಿಸುವುದೆಂದರೆ ಕೆಲಸವನ್ನೇ ಹೊಸದಾಗಿ ಶುರುಮಾಡುವುದು. ಅಲ್ಲಿಗೆ ಎಂಐಟಿ ಬಗೆಯ ಹಣದ ಆಸರೆ ಬೇಕಾಗುತ್ತದೆ. ಅದಕ್ಕೆ ಸಂಸ್ಥೆ ಖರ್ಚು ಮಾಡಬೇಕು.

ಮಾನವಿಕ ಮತ್ತು ಸಮಾಜವಿಜ್ಞಾನ ವಿಭಾಗಗಳಲ್ಲಿ ಆ ಖರ್ಚೂ ಇಲ್ಲ. ಮುಂದಿನ ನಿಯಮಾವಳಿ ಬರೆಯುವವರಲ್ಲೂ, ಅದರಂತೆ ತಮ್ಮ ನಿಯಮ ತಿದ್ದಿಕೊಳ್ಳುವ ಕರ್ನಾಟಕದ ವಿಶ್ವವಿದ್ಯಾಲಯಗಳ ವಿದ್ಯಾವಿಷಯಕ ಪರಿಷತ್ತುಗಳಲ್ಲೂ ಕೇಳಬೇಕಾದದ್ದು ಮೂರೇ ತಿದ್ದುಪಡಿ: ಸಲಹಾ ಸಮಿತಿಯ ಸಂಚಾಲಕರು ಗೈಡ್ ಅಲ್ಲದೆ ಬೇರೆಯವರಾಗಲಿ, ಮೌಲ್ಯಮಾಪಕರ ಪಟ್ಟಿಯಿಂದ ಗೈಡ್ ಹೆಸರು ಹೊರಗಿರಲಿ, ಗೈಡ್ ಬದಲಾವಣೆಗೆ ಹಳೆಯ ಗೈಡ್‌ನ ಅನುಮತಿ ಬೇಡವಾಗಲಿ.