ನಾಯಿಯೊಂದಿಗೆ ದೂರದ ಕಾಲ್ನಡಿಗೆ: ಜಿನನಾಥಪುರ ಸುತ್ತಮುತ್ತಲಿನ ಪಾದಯಾತ್ರಿಗಳಿಗೆ ಮಾಹಿತಿ

ಹಿನ್ನೆಲೆ

ಚನ್ನರಾಯಪಟ್ಟಣ ತಾಲ್ಲೂಕಿನ ಜಿನನಾಥಪುರವು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಉತ್ತರಕ್ಕಿರುವ ಗ್ರಾಮವಾಗಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು 12ನೇ ಶತಮಾನದ ಆರಂಭದಲ್ಲಿ ಇದನ್ನು ಸ್ಥಾಪಿಸಿದನು. ವಾಹನವೇರದ ದಿಗಂಬರ ಮುನಿಗಳ ವಿಹಾರದಿಂದಾಗಿ ಈ ಭಾಗದ ಜನರಿಗೆ ದೂರದ ಕಾಲ್ನಡಿಗೆ ಹೊಸದೇನೂ ಅಲ್ಲ. ಶಿವರಾತ್ರಿಗೆ ಮುಂಚಿನ ದಿನಗಳಲ್ಲಿ ಧರ್ಮಸ್ಥಳಕ್ಕೆ ಹೊರಡುವ ತಂಡಗಳು ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೂಲಕ ಸಾಗಿ ಚಾರ್ಮಾಡಿ ಘಾಟಿಯನ್ನು ಇಳಿಯುತ್ತವೆ.

ಇಂತಹ ತಂಡಗಳೊಡನೆ ನಾಯಿ ಹೋಗುವುದು ಎರಡು ವಿಧ. ಸಾಕಿದವರು ತಾವೇ ಕರೆದೊಯ್ಯುವುದು ಒಂದು. ಬೀದಿಯ ನಾಯಿ ತಾನಾಗಿ ಹಿಂಬಾಲಿಸುವುದು ಇನ್ನೊಂದು. 2019ರ ನವೆಂಬರ್‌ನಲ್ಲಿ ತಿರುಮಲದಿಂದ ಶಬರಿಮಲೆಗೆ ನಡೆದು ಹೊರಟಿದ್ದ 13 ಮಂದಿ ಅಯ್ಯಪ್ಪ ಭಕ್ತರು ಕೊಟ್ಟಿಗೆಹಾರ ತಲುಪಿದಾಗ, ಅವರ ಹಿಂದೆ ಬಂದ ನಾಯಿಯೊಂದು ಸುಮಾರು 480 ಕಿ.ಮೀ. ಕ್ರಮಿಸಿದ್ದುದು ದೇಶದಾದ್ಯಂತ ಸುದ್ದಿಯಾಗಿತ್ತು. ಇಂತಹ ನಾಯಿಗಳ ಹೋಗುವ ಪ್ರಯಾಣ ಸುದ್ದಿಯಾಗುತ್ತದೆ. ಮರಳುವ ಪ್ರಯಾಣದ ವಿಷಯ ಯಾರ ಗಮನಕ್ಕೂ ಬರುವುದಿಲ್ಲ. ಯಾತ್ರೆ ಮುಗಿದ ನಂತರ ಜನರು ಬಸ್ಸು ಹತ್ತುವರು. ನಾಯಿ ಅಪರಿಚಿತ ಊರಿನಲ್ಲಿ ಉಳಿಯುವುದು. ಈ ಮಾಹಿತಿಯನ್ನು ಮುಖ್ಯವಾಗಿ ಆ ಸಂದರ್ಭವನ್ನು ಗಮನದಲ್ಲಿರಿಸಿಕೊಂಡು ನೀಡಲಾಗಿದೆ.

ಹಿಂಬಾಲಿಸುವ ನಾಯಿ

ಪ್ರತಿಯೊಂದು ಊರಿನ ನಾಯಿಗಳು ತಮ್ಮ ಎಲ್ಲೆಯನ್ನು ಕಾಯುತ್ತವೆ. ತನ್ನ ಬೀದಿಯನ್ನು ದಾಟಿದ ನಾಯಿಗೆ ಮುಂದಿನ ಊರಿನಲ್ಲಿ ಮನುಷ್ಯರ ಗುಂಪೇ ರಕ್ಷಣೆ. ಆದುದರಿಂದ ನಾಯಿಯನ್ನು ಹಿಂದಕ್ಕೆ ಕಳುಹಿಸುವುದಾದರೆ ಅದರ ಸ್ವಂತ ಬೀದಿಯಲ್ಲಿಯೇ ಕಳುಹಿಸತಕ್ಕದ್ದು. ಹತ್ತು ಕಿ.ಮೀ. ನಡೆದ ಮೇಲೆ ಕಲ್ಲೆಸೆದು ಓಡಿಸಿದಲ್ಲಿ ಅದು ಮನೆಗೆ ಮರಳುವ ಬದಲು ಬೇರೆ ನಾಯಿಗಳ ಬಾಯಿಗೆ ಅಥವಾ ಹೆದ್ದಾರಿಯ ವಾಹನಕ್ಕೆ ಸಿಲುಕುವ ಸಂಭವವೇ ಹೆಚ್ಚು. ಮೊದಲ ವಿಶ್ರಾಂತಿಯಲ್ಲಿ ಹಾಕುವ ಒಂದು ಬಿಸ್ಕತ್ತು ನಾಯಿಯ ದೃಷ್ಟಿಯಲ್ಲಿ ಆಹ್ವಾನವಿದ್ದಂತೆ. ಮರಳಿ ಕರೆತರುವ ಸಿದ್ಧತೆ ಇಲ್ಲದವರು ಆ ಬಿಸ್ಕತ್ತನ್ನು ಹಾಕದಿರುವುದೇ ದಯೆ.

ಜೊತೆಯಲ್ಲಿ ಕರೆದೊಯ್ಯಲು ತಂಡವು ನಿರ್ಧರಿಸಿದಲ್ಲಿ, ನಾಯಿಯ ಜವಾಬ್ದಾರಿಯನ್ನು ಒಬ್ಬರಿಗೆ ವಹಿಸುವುದು ಅವಶ್ಯಕ. ಎಲ್ಲರ ನಾಯಿ ಎಂದರೆ ಕೊನೆಗೆ ಯಾರ ನಾಯಿಯೂ ಅಲ್ಲ. ದಾರಿಯಲ್ಲಿ ಸಿಗುವ ಮೊದಲ ಪಶು ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಹಾಕಿಸಬೇಕು. ಆದರೆ ಲಸಿಕೆಯಿಂದ ರಕ್ಷಣೆ ದೊರೆಯಲು ಮೂರರಿಂದ ನಾಲ್ಕು ವಾರ ಬೇಕಾಗುವುದರಿಂದ, ಯಾತ್ರೆಯ ಅವಧಿಯಲ್ಲಿ ಆ ನಾಯಿ ಕಚ್ಚಿದರೆ ಅಥವಾ ಪರಚಿದರೆ ಲಸಿಕೆ ಪಡೆಯದ ನಾಯಿಯೆಂದೇ ಪರಿಗಣಿಸತಕ್ಕದ್ದು.

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ 11ನೇ ಪ್ರಕರಣದಂತೆ, ಹಸಿವು ಅಥವಾ ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಸಕಾರಣವಿಲ್ಲದೆ ಪ್ರಾಣಿಯನ್ನು ತ್ಯಜಿಸುವುದು ಅಪರಾಧವಾಗಿದೆ. ಮೊದಲ ಅಪರಾಧಕ್ಕೆ ವಿಧಿಸಿರುವ ದಂಡ 10ರಿಂದ 50 ರೂಪಾಯಿಗಳು. ಮೊತ್ತವು ಅತ್ಯಲ್ಪವೆಂಬುದು ನಿಜವಾದರೂ ಕೃತ್ಯವು ಅಪರಾಧವಾಗಿಯೇ ಉಳಿಯುತ್ತದೆ.

ಸಾಕಿದ ನಾಯಿಯ ಸಿದ್ಧತೆ

ನಾಯಿಮರಿಗೆ ಮೂರು ತಿಂಗಳಲ್ಲಿ ರೇಬೀಸ್ ಲಸಿಕೆ ಹಾಕಿಸಿ, ಪಶುವೈದ್ಯರ ಸಲಹೆಯಂತೆ ಮರುಲಸಿಕೆ ಹಾಗೂ ನಂತರ ಪ್ರತಿ ವರ್ಷ ಲಸಿಕೆ ಹಾಕಿಸಬೇಕು. ಡಿಸ್ಟೆಂಪರ್, ಪಾರ್ವೊ ಮತ್ತು ಇಲಿ ಜ್ವರದ ವಿರುದ್ಧದ ಲಸಿಕೆಗಳೂ ಅವಶ್ಯಕ. ಲಸಿಕೆ ಪುಸ್ತಕವನ್ನು ಯಾತ್ರೆಯಲ್ಲಿ ಜೊತೆಗಿರಿಸಿಕೊಳ್ಳುವುದು. ಒಂದು ವರ್ಷ ತುಂಬದ ಮರಿ, ಗಬ್ಬದ ನಾಯಿ, ಮುದಿ ನಾಯಿ ಮತ್ತು ಪಗ್‌ನಂತಹ ಚಪ್ಪಟೆ ಮೂಗಿನ ತಳಿಗಳು ದೂರದ ನಡಿಗೆಗೆ ಯೋಗ್ಯವಲ್ಲ. ಉಳಿದವುಗಳಿಗೂ ಹಲವು ವಾರಗಳ ಕಾಲ ದಿನಕ್ಕೆ ನಾಲ್ಕೈದು ಕಿ.ಮೀ.ಗಳಿಂದ ಆರಂಭಿಸಿ ಅಭ್ಯಾಸ ಮಾಡಿಸಬೇಕು.

ಬಿಸಿಲು, ಪಾದ ಮತ್ತು ಆಹಾರ

ಫೆಬ್ರವರಿ, ಮಾರ್ಚ್ ತಿಂಗಳ ಹಗಲಿನಲ್ಲಿ ಡಾಂಬರು ರಸ್ತೆ ಹಾಗೂ ಈ ಸೀಮೆಯ ಕರಿಬಂಡೆ ವಿಪರೀತ ಕಾಯುತ್ತವೆ. ಅಂಗೈ ಹಿಂಭಾಗವನ್ನು ರಸ್ತೆಯ ಮೇಲೆ ಐದಾರು ಸೆಕೆಂಡು ಇರಿಸಲಾಗದಿದ್ದರೆ ನಾಯಿಯನ್ನು ಅಲ್ಲಿ ನಡೆಸಬಾರದು. ಬೆಳಿಗ್ಗೆ ಬೇಗ ಹೊರಟು ಹತ್ತು ಗಂಟೆಯೊಳಗೆ ನಿಲ್ಲಿಸಿ, ಸಂಜೆ ನಾಲ್ಕರ ನಂತರ ಮುಂದುವರಿಯುವುದು ಸೂಕ್ತ. ನಾಯಿಯ ದೇಹದ ಶಾಖ ಮುಖ್ಯವಾಗಿ ಏದುಸಿರಿನ ಮೂಲಕ ಹೊರಹೋಗುತ್ತದೆ. ನಿಲ್ಲದ ಏದುಸಿರು, ಮಂದವಾದ ಜೊಲ್ಲು, ಕಡುಗೆಂಪು ಒಸಡು, ತೂರಾಡುವ ನಡಿಗೆ ಕಂಡುಬಂದಲ್ಲಿ ಅದು ಬಿಸಿಲಾಘಾತ. ಕೂಡಲೇ ನೆರಳಿಗೆ ಒಯ್ದು, ಮೈಗೆ ಸಾಧಾರಣ ತಣ್ಣೀರು ಹಾಕಿ ಗಾಳಿ ಬೀಸುತ್ತ ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು.

ದಾರಿಯುದ್ದಕ್ಕೂ ಭಕ್ತರು ನೀಡುವ ಚಿತ್ರಾನ್ನದ ಈರುಳ್ಳಿ, ಕೇಸರಿಬಾತಿನ ಒಣದ್ರಾಕ್ಷಿ, ಹಾಗೆಯೇ ಚಾಕೊಲೇಟು ನಾಯಿಗೆ ವಿಷಕಾರಿ. ಸಪ್ಪೆಯಾದ ಅನ್ನ, ಮುದ್ದೆ, ಮೊಸರು ಸಾಕು. ಪ್ರತಿ ದಿನ ಸಂಜೆ ಬೆರಳ ಸಂದು, ಕಿವಿ ಮತ್ತು ಕಂಕುಳಲ್ಲಿ ಮುಳ್ಳು ಹಾಗೂ ಉಣುಗುಗಳನ್ನು ಪರೀಕ್ಷಿಸಬೇಕು. ಮಲೆನಾಡಿನ ಉಣುಗುಗಳು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯನ್ನು ಮನುಷ್ಯರಿಗೆ ಹರಡುತ್ತವೆ. ಅವುಗಳನ್ನು ಬರಿಗೈಯಿಂದ ಕೀಳಬಾರದು.

ಪ್ರವೇಶವಿಲ್ಲದ ಸ್ಥಳಗಳು

ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳ ಆವರಣಕ್ಕೆ 1959ರ ನಿಯಮಗಳ ಪ್ರಕಾರ ಪ್ರಾಣಿಗಳನ್ನು ತರುವಂತಿಲ್ಲ. ಬಸದಿ ಹಾಗೂ ಬೆಟ್ಟಗಳ ದರ್ಶನದ ವೇಳೆ ತಂಡದ ಒಬ್ಬರು ನಾಯಿಯೊಡನೆ ಹೊರಗೆ ಉಳಿಯುವ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು.

ಅಭಯಾರಣ್ಯಗಳ ಚಾರಣ ಹಾದಿಗಳಿಗೂ ನಾಯಿಯನ್ನು ಒಯ್ಯುವಂತಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನದಟ್ಟಣೆ ಉಂಟಾದ ನಂತರ ಅರಣ್ಯ ಇಲಾಖೆಯು ಚಾರಣಕ್ಕೆ ಆನ್‌ಲೈನ್ ಮುಂಗಡ ಟಿಕೆಟ್ ಪದ್ಧತಿಯನ್ನು ಜಾರಿಗೆ ತಂದಿತು. ಈ ಟಿಕೆಟ್ ಮನುಷ್ಯರಿಗೆ ಮಾತ್ರ. ನಿರ್ಬಂಧಕ್ಕೆ ಕಾರಣವಿದೆ. ನಾಯಿಗಳಲ್ಲಿ ಸಾಮಾನ್ಯವಾದ ಡಿಸ್ಟೆಂಪರ್ ರೋಗದ ವೈರಾಣು 2018ರಲ್ಲಿ ಗುಜರಾತಿನ ಗಿರ್ ಅರಣ್ಯದ ಸಿಂಹಗಳ ಸಾವಿನಲ್ಲಿ ಪತ್ತೆಯಾಗಿತ್ತು. ಅಲ್ಲದೆ ಬೇಲೂರು, ಆಲೂರು, ಸಕಲೇಶಪುರ, ಅರಕಲಗೂಡು ಭಾಗಗಳಲ್ಲಿ ಕಾಡಾನೆಗಳ ಸಂಚಾರವಿದೆ. ಆನೆಯನ್ನು ಕಂಡು ಬೊಗಳಿದ ನಾಯಿ ಹೆದರಿ ಓಡಿ ಬರುವುದು ಯಜಮಾನನ ಬಳಿಗೇ. ಅದರ ಬೆನ್ನಟ್ಟಿ ಆನೆಯೂ ಬರುತ್ತದೆ. ಚಿರತೆಗೆ ನಾಯಿ ಸುಲಭದ ಆಹಾರವಾದುದರಿಂದ ರಾತ್ರಿ ತಂಗುವಾಗ ಅದನ್ನು ಬಯಲಿನಲ್ಲಿ ಕಟ್ಟಬಾರದು.

ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ ರೈಲು ಹಳಿಗಳ ಮೇಲೆ ನಡೆಯುವುದು ರೈಲ್ವೆ ಅಧಿನಿಯಮ, 1989ರ 147ನೇ ಪ್ರಕರಣದಂತೆ ದಂಡನೀಯ. ಸೇತುವೆ, ಸುರಂಗಗಳಲ್ಲಿ ರೈಲು ಬಂದಾಗ ನಾಯಿಯನ್ನು ಹಿಡಿದುಕೊಂಡು ಸರಿದು ನಿಲ್ಲಲು ಜಾಗವೇ ಇರುವುದಿಲ್ಲ.

ಮರಳುವ ಪ್ರಯಾಣ

ಹೊರಡುವ ಮುನ್ನವೇ ನಾಯಿಯ ಹಿಂತಿರುಗುವ ವ್ಯವಸ್ಥೆಯನ್ನು ಗೊತ್ತುಪಡಿಸಿಕೊಳ್ಳುವಂತೆ ಯಾತ್ರಿಕರನ್ನು ಕೋರಲಾಗಿದೆ. ಸಾರಿಗೆ ನಿಗಮದ ಐಷಾರಾಮಿ ಬಸ್ಸುಗಳಲ್ಲಿ ನಾಯಿಗೆ ಅವಕಾಶವಿಲ್ಲ. ಸಾಮಾನ್ಯ ಬಸ್ಸಿನಲ್ಲಿ ನಾಯಿಗೂ ಟಿಕೆಟ್ ಪಡೆದು, ಕಟ್ಟಿ ಹಿಡಿದುಕೊಳ್ಳಬೇಕು. 2017ರಿಂದ ಹಾಸನ–ಬೆಂಗಳೂರು ಮಾರ್ಗದಲ್ಲಿ ರೈಲು ಸಂಚರಿಸುತ್ತಿರುವುದರಿಂದ ಮಂಗಳೂರು ಕಡೆಯಿಂದ ಶ್ರವಣಬೆಳಗೊಳ ನಿಲ್ದಾಣದವರೆಗೂ ರೈಲಿನಲ್ಲಿ ಮರಳಬಹುದು. ಹವಾನಿಯಂತ್ರಿತ ಪ್ರಥಮ ದರ್ಜೆಯ ಇಡೀ ಕೂಪೆಯನ್ನು ಕಾಯ್ದಿರಿಸಿದವರು ನಾಯಿಯನ್ನು ಜೊತೆಯಲ್ಲಿಯೇ ಒಯ್ಯಬಹುದು. ಉಳಿದವರು ಪಾರ್ಸೆಲ್ ಕಚೇರಿಯಲ್ಲಿ ನೋಂದಾಯಿಸಿ ಗಾರ್ಡ್ ವ್ಯಾನಿನ ಪೆಟ್ಟಿಗೆಯಲ್ಲಿ ಕಳುಹಿಸಬೇಕು. ಸ್ಲೀಪರ್ ಬೋಗಿಯಲ್ಲಿ ಅನುಮತಿ ಇರುವುದಿಲ್ಲ. ಲಸಿಕೆಯ ದಾಖಲೆ ಕಡ್ಡಾಯ. ತಂಡದ ಸಾಮಾನು ಸಾಗಿಸುವ ವಾಹನವಿದ್ದಲ್ಲಿ ಅದರಲ್ಲಿಯೇ ಕರೆತಂದು, ನಾಯಿ ಸೇರಿಕೊಂಡ ಬೀದಿಯಲ್ಲಿ ಇಳಿಸುವುದು ಎಲ್ಲಕ್ಕಿಂತ ಸುಲಭ.

ಆತಕೂರಿನ ಕಾಳಿ

ನಾಯಿಯ ಒಡನಾಟಕ್ಕೆ ಈ ನಾಡಿನಲ್ಲಿ ಹಳೆಯ ದಾಖಲೆಯೊಂದಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕ್ರಿ.ಶ. 949–50ರ ಶಾಸನವು, ಗಂಗ ಬೂತುಗನ ಕಡೆಯ ವೀರ ಮಣಲೆರನು ರಾಷ್ಟ್ರಕೂಟ ಮೂರನೆಯ ಕೃಷ್ಣನಲ್ಲಿ ಬಹುಮಾನವಾಗಿ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದುದನ್ನು ತಿಳಿಸುತ್ತದೆ. ಹಂದಿಯೊಡನೆ ಹೋರಾಡಿ ಮಡಿದ ಆ ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ದತ್ತಿ ಬಿಡಲಾಯಿತು. ಗೊಮ್ಮಟನ ವಿಗ್ರಹಕ್ಕಿಂತ ಸುಮಾರು ಮೂವತ್ತು ವರ್ಷ ಹಿಂದಿನ ಈ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ.

ತುರ್ತು ಸಂದರ್ಭ

ಯಾವುದೇ ನಾಯಿ ಕಚ್ಚಿದಲ್ಲಿ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೆರಳಬೇಕು. ಅರಿಶಿನ, ಸುಣ್ಣ, ಕಾರದಪುಡಿ ಹಚ್ಚಬಾರದು. ನಾಯಿಯ ಚಿಕಿತ್ಸೆಗಾಗಿ ತಾಲ್ಲೂಕು ಪಶು ಆಸ್ಪತ್ರೆಗಳನ್ನು, ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ಅಥವಾ 1962 ಸಹಾಯವಾಣಿಯನ್ನು ಸಂಪರ್ಕಿಸಬಹುದು.